ಬೆಟ್ಟದ ಸರ್ಕಾರದ ಮುದ್ರೆ

ನನ್ನ ತಮ್ಮ ಬರ್ಮಾದ ಬೆಟ್ಟಸೀಮೆಯಲ್ಲಿ ತೀರಿಹೋದ ಮೇಲೆ ಅವನ ಹೆಂಡತಿ, ಅಲ್ಲಿನವಳೇ, ರಂಗೂನಿನ ಹಡಗಿನಿಂದ ಮದರಾಸಿನಲ್ಲಿ ಇಳಿದಳು. ಅವಳನ್ನು ಕರೆತರಲು ನಾನು ಹೋಗಿದ್ದೆ. ಬಂದರಿನ ಕಸ್ಟಮ್ಸ್ ಮೇಜಿನ ಮೇಲೆ ಅವಳ ಗಂಟು ಬಿಚ್ಚಿದಾಗ ಒಣ ಎಲೆಯಲ್ಲಿ ಸುತ್ತಿದ ಅಫೀಮಿನ ಉಂಡೆ ಕಾಣಿಸಿತು.

“ಇದು ಎನ್ನಮ್ಮಾ?” ಎಂದು ತಮಿಳಿನಲ್ಲಿ ಕೇಳಿದರು ಅಧಿಕಾರಿ.

ಅವಳು ಅಂಜದೆ ಕೆಂಪು ಮುದ್ರೆಯ ಚೀಟಿಯೊಂದನ್ನು ಮುಂದಿಟ್ಟಳು. ತಮ್ಮನದೇ ಕುಂದಾಪುರದ ಮಾತಿನಲ್ಲಿ ನನಗೆ ಹೇಳಿದಳು: “ಭಾವ, ಇವ್ರ್ ಸತ್ತದ್ದಕ್ಕೆ ಊರವ್ರ್ ಕೊಟ್ಟದ್. ನಮ್ ಸರ್ಕಾರಕ್ಕೆ ಸುಂಕ ಕಟ್ಟಿ ಆಯ್ತ್.”

ತಮ್ಮನ್ನು ತಾವೇ ಆಳಿಕೊಳ್ಳಲು ಕಾದಾಡುವ ಬೆಟ್ಟದವರು ಅಫೀಮಿನ ಸುಂಕದಿಂದಲೇ ಕೋವಿ ಕೊಳ್ಳುತ್ತಾರೆಂದು ತಮ್ಮ ಒಮ್ಮೆ ಬರೆದಿದ್ದ. ಆ ಕೆಂಪು ಮುದ್ರೆ ಅವರದೇ. ಅದನ್ನು ಇಲ್ಲಿ ಹೇಗೆ ಹೇಳಲಿ?

ಅಧಿಕಾರಿ ಪೊಲೀಸರನ್ನು ಕರೆಯಲು ಫೋನ್ ಎತ್ತಿದರು. ಅವಳು ಚೀಟಿಯ ಖಾಲಿ ಮೂಲೆಯ ಮೇಲೆ ಬೆರಳಿಟ್ಟು, “ನಿಮ್ ಸರ್ಕಾರದ್ ಮುದ್ರೆ ಇಲ್ಲಿ ಹಾಕುಕ್ ಹೇಳಿ ಭಾವ,” ಎಂದಳು.