ಊಟ ಆತೇನು?

ತೆಲುಗು ಸೀಮೆಯ ಸನತ್‌ನಗರದ ಸಣ್ಣ ದವಾಖಾನೆಯಲ್ಲಿ ನರ್ಸ್ ಶಾರದಾಬಾಯಿ ಎಂದರೆ ಭಾಳ ಜೋರು. ಹುಮನಾಬಾದಿನ ಹೆಣ್ಣು, ಬಾಯಿ ಹರಿತ. ಸೂಜಿಗೆ ಹೆದರಿದ ಗಂಡಸರನ್ನು "ಮೀಸಿ ಯಾಕ ಬಿಟ್ಟೀರಿ?" ಎಂದು ಕಿಚಾಯಿಸುತ್ತಲೇ ಚುಚ್ಚಿ ಮುಗಿಸುವವಳು.

ಊರಿನ ಆಚೆ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅಲ್ಲಿ ಕಸ ಗುಡಿಸುವವರು, ಗೇಟು ಕಾಯುವವರು ಇಲ್ಲಿಗೆ ಬರುತ್ತಿದ್ದರು. ತಲೆನೋವು, ಎದೆ ಡವಡವ, ಮೈಕೈ ನೋವು.

"ಎಷ್ಟೋ ಮಂದಿಗೆ ನೋವು ಮನಸ್ಸಿನದು ಇರತದ ಶಾರದಾಬಾಯಿ," ಎಂದರು ಡಾಕ್ಟರ್ ಸ್ನೇಹಲತಾ. "ಬಂದವರಿಗೆಲ್ಲ ಊಟ, ನಿದ್ದಿ, ಬ್ಯಾಸರ ಕೇಳ್ರಿ. ಅನುಮಾನ ಬಂದ್ರ ನನ್ನ ಕಡೆ ಕಳಸ್ರಿ."

ಅದೇನು ಮಹಾ! ಶಾರದಾಬಾಯಿ ಕೇಳಿದ್ದೇ ಕೇಳಿದ್ದು. ಕನ್ನಡದವರಿಗೆ "ಊಟ ಆತೇನು, ನಿದ್ದಿ ಆತೇನು?", ತೆಲುಗರಿಗೆ "ತಿನ್ನಾವಾ?", ಹಿಂದಿ ಆಡುವವರಿಗೆ "ಖಾನಾ ಹುವಾ?" ಎಲ್ಲರದೂ ಒಂದೇ ಉತ್ತರ, "ಆಯಿತು." "ನಮ್ಮ ಮಂದಿ ಗಟ್ಟಿ ಅದಾರ್ರಿ ಡಾಕ್ಟರಮ್ಮ," ಎಂದು ಬೀಗಿದಳು.

ಒಂದು ಮಧ್ಯಾಹ್ನ ಸಾಬಮ್ಮ ಮತ್ತೆ ಬಂದಳು. ವಾಚ್‌ಮನ್ ಸಂಗಣ್ಣನ ಹೆಂಡತಿ. ಅದೇ ತಲೆನೋವು, ಅದೇ ಗುಳಿಗೆ. ಶಾರದಾಬಾಯಿ ಆಗಷ್ಟೇ ಬುತ್ತಿ ಬಿಚ್ಚಿದ್ದಳು.

"ಊಟ ಆತೇನವಾ?"

"ಆತ್ರೀ ಅಕ್ಕಾ."

"ಏನ್ ಅಡಗಿ ಮಾಡಿದ್ದಿ?" ಸುಮ್ಮನೆ ಹರಟೆಗೆಂದು ಕೇಳಿದ ಮಾತು.

ಸಾಬಮ್ಮ ಬಿಚ್ಚಿದ ಬುತ್ತಿಯತ್ತ ನೋಡಿದಳು. "ಒಲಿ ಹಚ್ಚಿಲ್ರಿ," ಎಂದಳು. "ಅವರು ಹೊರಗ ಉಂಡು ಬರ್ತಾರ. ನನಗ ಕೂಸು ಹೋದಾಗಿಂದ ಅನ್ನ ಗಂಟಲದಾಗ ಇಳಿಯಂಗಿಲ್ಲ. ಮುಂಜಾನಿ ಏಳದಿದ್ರನ ಛಲೋ ಅನಸ್ತೈತಿ."

ಶಾರದಾಬಾಯಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಅಯ್ಯ ನನ್ನವ್ವ! ಬಂದಾಗೊಮ್ಮೆ ಕೇಳಿದ್ನಲ್ಲ, ಯಾಕ ಹೇಳಲಿಲ್ಲ?"

"ಊಟ ಆತೇನು ಅಂತ ಕೇಳಿದವರಿಗೆ ಇಲ್ಲ ಅನ್ನಾಕ ಬರತೈತೇನ್ರಿ ಅಕ್ಕಾ?"

ಶಾರದಾಬಾಯಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ. ಇಷ್ಟು ದಿನ ದವಾಖಾನೆಗೆ ಬಂದವರನ್ನೆಲ್ಲ ತಾನು ಓಣಿಯಲ್ಲಿ ಎದುರಾದವರನ್ನು ಮಾತಾಡಿಸಿದಂತೆ ಮಾತಾಡಿಸಿ ಕಳಿಸಿದ್ದಳಲ್ಲ! ಬುತ್ತಿ ಮುಚ್ಚಿ, ಸಾಬಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು. ಡಾಕ್ಟರು ಬಾಗಿಲು ಹಾಕಿಕೊಂಡು ನಿಧಾನವಾಗಿ ಕೇಳಿದರು. ಸಾಬಮ್ಮ ಅತ್ತಳು, ಹೇಳಿದಳು, ಮತ್ತೆ ಅತ್ತಳು. ಸಂಜೆಯೇ ಸಂಗಣ್ಣನನ್ನು ಕರೆಸುವುದು, ಆಕೆಯನ್ನು ಒಬ್ಬಳನ್ನೇ ಬಿಡದಿರುವುದು, ವಾರವಾರ ತಪ್ಪದೆ ಬರುವುದು ಎಂದು ತೀರ್ಮಾನವಾಯಿತು.

ಹೊರಗೆ ಬಂದ ಸಾಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಚ್ಚಿದ ಬುತ್ತಿ ಕಂಡು ರೂಢಿಯಂತೆ, "ನಿಮ್ದು ಊಟ ಆತೇನ್ರಿ?" ಎಂದಳು.

ಆತು ಎಂಬ ಮಾತು ಶಾರದಾಬಾಯಿಯ ನಾಲಿಗೆ ತುದಿಗೆ ಬಂದಿತ್ತು. ತಡೆದಳು.

"ಇಲ್ಲವಾ. ಬಾ, ಕುಂದ್ರು."

ರೊಟ್ಟಿ ಮುರಿದು ಅರ್ಧ ಕೊಟ್ಟಳು. ಸಾಬಮ್ಮ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಆಮೇಲೆ ನುಂಗಿದಳು.