ಉರಿ ಬೇಕೆನ್ನುವ ಕಾಫಿ ಪಾತ್ರೆ

ನಮ್ಮದು ಚಹಾದ ಮನೆ. ನನ್ನ ಗಂಡ ಇರುವವರೆಗೆ ಬೆಳಿಗ್ಗೆಯೂ ಚಹಾ, ಸಂಜೆಯೂ ಚಹಾ. ಅವರು ಹೋದ ಮೇಲೆ ಒಬ್ಬಳಿಗಾಗಿ ಚಹಾ ಕುದಿಸಲು ಮನಸ್ಸು ಬರಲಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದಾಗ ಕ್ಯಾಂಟೀನಿನ ಕಾಫಿ ರೂಢಿಯಾಗಿತ್ತು. ಅವರ ಜೊತೆ ಕೂತು ಅದನ್ನು ಎಂದೂ ಕುಡಿದದ್ದಿಲ್ಲ. ಅದಕ್ಕೇ ಇರಬೇಕು, ಕಾಫಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಬಿಸಿ ನೀರಿಗೆ ಪುಡಿ ಕದಡಿ ದಿನ ದೂಡುತ್ತಿದ್ದೆ.

ಹೈದರಾಬಾದಿನಲ್ಲೇ, ಕೊಂಡಾಪುರದಲ್ಲಿ ಕೆಲಸ ಮಾಡುವ ನನ್ನ ನಾದಿನಿ ಭಾನುವಾರ ನಾಚಾರಂನ ನಮ್ಮ ಮನೆಗೆ ಬರುತ್ತಾಳೆ. ಒಂದು ಭಾನುವಾರ ಆ ಕಾಫಿಯ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ವೈನಿ, ಇದು ಕಾಫಿ ಅಲ್ರಿ, ಬಾಂಡೆ ತೊಳದ ನೀರು. ಏಳ್ರಿ, ಒಂದು ಛಲೋ ಪಾತ್ರಿ ತರೋಣ ನಡೀರಿ.”

ಸಿಕಂದರಾಬಾದಿನ ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯವರು ಮೂರು ಬಗೆ ಮುಂದಿಟ್ಟರು. ಒಂದು ನಮಗೆಲ್ಲ ಗೊತ್ತಿರುವ ಸ್ಟೀಲ್ ಫಿಲ್ಟರ್. ಉಳಿದ ಎರಡು ಒಲೆಯ ಮೇಲಿಡುವಂಥವು: ಕೆಳಗೆ ನೀರು, ನಡುವೆ ಪುಡಿ, ನೀರು ಕಾದು ಪುಡಿಯನ್ನು ಹಾಯ್ದು ಮೇಲಿನ ಪಾತ್ರೆಗೆ ಕಾಫಿಯಾಗಿ ಏರುತ್ತದೆ. ಅವುಗಳಲ್ಲಿ ಒಂದು ಅಲ್ಯೂಮಿನಿಯಂನದು, ಒಂದು ಸ್ಟೀಲಿನದು.

“ಗ್ಯಾಸ್ ಪೇ ಯಾ ಇಂಡಕ್ಷನ್ ಪೇ, ಅಮ್ಮಾ?” ಎಂದರು ಅಂಗಡಿಯವರು.

ಮನೆಯಲ್ಲಿ ಎರಡೂ ಇದ್ದವು. ಗಂಡನ ಶ್ವಾಸಕೋಶ ಕೆಟ್ಟು ಮನೆಗೆ ಆಕ್ಸಿಜನ್ ಯಂತ್ರ ಬಂದಾಗ, ಹತ್ತಿರ ಎಲ್ಲೂ ಬೆಂಕಿ ಇರಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮದು ಒಂದು ಕೋಣೆ, ಅದಕ್ಕೆ ಅಂಟಿಕೊಂಡೇ ಅಡುಗೆಮನೆ. ಸಿಲಿಂಡರ್ ಬಾಲ್ಕನಿಗೆ ಹೋಯಿತು, ಇಂಡಕ್ಷನ್ ಒಲೆ ಬಂತು. ದೇವರ ದೀಪವೂ ಊದುಬತ್ತಿಯೂ ನಿಂತವು. ಆಮೇಲೆ ಆ ಮನೆಯಲ್ಲಿ ಮೊದಲ ಸಲ ಕಡ್ಡಿ ಗೀರಿದ್ದು ಅವರ ತಲೆಯ ಬಳಿ ದೀಪ ಇಡಲು. ಯಂತ್ರ ಹಿಂದಕ್ಕೆ ಹೋಗಿ ತಿಂಗಳುಗಳಾದರೂ ನಾನು ಗ್ಯಾಸ್ ಹಚ್ಚಿರಲಿಲ್ಲ. ಅಪಾಯ ಇಲ್ಲವೆಂದು ಗೊತ್ತಿತ್ತು. ಆದರೆ ಹಚ್ಚಿದರೆ, ಕಾಯಬೇಕಾದ ಉಸಿರು ಈ ಮನೆಯಲ್ಲಿ ಇನ್ನಿಲ್ಲ ಎಂದು ನಾನೇ ಹೇಳಿದಂತಾಗುತ್ತಿತ್ತು.

“ಇಂಡಕ್ಷನ್, ಭಯ್ಯಾ,” ಎಂದು ನಾದಿನಿಯೇ ಹೇಳಿ ಸ್ಟೀಲಿನದನ್ನು ನನ್ನತ್ತ ಸರಿಸಿದಳು.

ನಾನು ಫಿಲ್ಟರ್ ಎತ್ತಿಕೊಂಡೆ. ಅದಾದರೆ ಒಲೆಯ ಪ್ರಶ್ನೆಯೇ ಇಲ್ಲ.

“ಅದು ಒಂದೊಂದ ಹನಿ ಇಳಿಯೂದ್ರಾಗ ನಮಗ ಮುಪ್ಪ ಬರತೈತ್ರಿ,” ಎಂದಳು.

ಸ್ಟೀಲಿನದು ಭಾರ. ಅದರ ಹಿಡಿ ನನ್ನ ಕೈಗೆ ಕೂರಲಿಲ್ಲ. ಅಲ್ಯೂಮಿನಿಯಂನದು ಹಗುರವಾಗಿತ್ತು, ಹೆಬ್ಬೆರಳು ತಾಕಿಸಿದರೆ ಮುಚ್ಚಳ ತೆರೆಯುತ್ತಿತ್ತು. ಎರಡು ಮೂರು ಸಲ ತೆರೆದು ಮುಚ್ಚಿದೆ. ಅದು ನನಗೆ ಇಷ್ಟವಾಗಿತ್ತು. ಯಾವುದಾದರೂ ವಸ್ತು ಹೀಗೆ ಇಷ್ಟವಾಗಿ ಬಹಳ ದಿನಗಳಾಗಿದ್ದವು.

“ಯೇ ಇಂಡಕ್ಷನ್ ಪೇ ನಹೀ ಚಲೇಗಾ, ಅಮ್ಮಾ,” ಎಂದರು ಅಂಗಡಿಯವರು. ಅಲ್ಯೂಮಿನಿಯಂ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲವಂತೆ.

“ಗ್ಯಾಸ್ ಹೈ ಹಮಾರೇ ಪಾಸ್,” ಎಂದೆ.

ನಾದಿನಿ ನನ್ನ ಮುಖ ನೋಡಿದಳು. “ಖರೇನ ವೈನಿ?”

“ಹೂಂ. ರೊಕ್ಕ ಮಾತ್ರ ನೀ ಕೊಡು. ಬಾಂಡೆ ನೀರು ಅಂದಾಕಿ ನೀನ.”

ದಾರಿಯಲ್ಲಿ ಫಿಲ್ಟರ್ ಕಾಫಿ ಪುಡಿ ಕೊಂಡೆವು. ಮನೆಗೆ ಬಂದು ಇಬ್ಬರೂ ಸಿಲಿಂಡರ್ ಒಳಗೆ ಉರುಳಿಸಿದೆವು. ರೆಗ್ಯುಲೇಟರ್ ಸಿಕ್ಕಿಸಿ, ಸಾಬೂನು ನೊರೆ ಸವರಿ ಗ್ಯಾಸ್ ಸೋರುತ್ತದೆಯೇ ನೋಡಿದೆವು. ನೀರು, ಪುಡಿ ತುಂಬಿ ಪಾತ್ರೆ ಒಲೆಯ ಮೇಲಿಟ್ಟರೆ ಅದು ಕಂಬಿಗಳ ನಡುವೆ ವಾಲಿ ಬಿತ್ತು, ಅಷ್ಟು ಚಿಕ್ಕ ತಳ. ನಾದಿನಿ ಅಟ್ಟದಿಂದ ಬದನೆಕಾಯಿ ಸುಡುವ ಜಾಲರಿ ತೆಗೆದು ಕೊಟ್ಟಳು. ಅದರ ಮೇಲೆ ನೆಟ್ಟಗೆ ನಿಂತಿತು.

ಲೈಟರ್ ಒತ್ತಿದೆ. ನೀಲಿ ಉರಿ ಸುತ್ತಲೂ ಹತ್ತಿಕೊಂಡಿತು. ನನಗೆ ಅರಿವಿಲ್ಲದೆ ಯಂತ್ರವಿದ್ದ ಮೂಲೆಯ ಕಡೆ ತಿರುಗಿದೆ. ಅಲ್ಲಿ ನಾದಿನಿಯ ಬ್ಯಾಗಿತ್ತು, ಅಷ್ಟೇ. ಏನೂ ಆಗಲಿಲ್ಲ. ಹಿಡಿದಿಟ್ಟ ಉಸಿರು ತಾನಾಗಿಯೇ ಹೊರಗೆ ಬಂತು.

“ನಾನೂ ಅಂಜಿದ್ದೆ ವೈನಿ,” ಎಂದಳು ಅವಳು, ಉರಿಯನ್ನೇ ನೋಡುತ್ತ. “ಗ್ಯಾಸ್ ಹಚ್ಚರಿ ಅಂದ್ರ, ಅಣ್ಣನ್ನ ಮರೀರಿ ಅಂದಂಗ ಆದೀತು ಅಂತ ಸುಮ್ಮನಿದ್ದೆ.”

“ಹುಚ್ಚಿ. ಮರೆಯಾಕ ಆಕ್ಕೈತೇನು?”

ಗೊಳಗೊಳ ಸದ್ದು ಮಾಡುತ್ತ ಕಾಫಿ ಮೇಲೇರಿತು. ಅದಕ್ಕೆ ಹಾಲು ಬೆರೆಸಿದೆ. ಪುಡಿ ಹೆಚ್ಚಾಗಿ ಕಹಿಯಾಗಿತ್ತು.

“ಕಷಾಯ ಆಗೇತಲ್ರಿ!”

“ಬಾಂಡೆ ನೀರಿಗಿಂತ ಛಲೋ ಐತಿ. ಕುಡಿ ಸುಮ್ನ.”

ಇಬ್ಬರೂ ನಕ್ಕೆವು. ಅಡುಗೆಕಟ್ಟೆಗೆ ಒರಗಿ ನಿಂತು ಕೊನೆಯ ಹನಿಯವರೆಗೂ ಕುಡಿದೆವು. ಒಲೆಯ ಮೇಲಿದ್ದ ಜಾಲರಿ ನೋಡಿ, ಸಂಜೆಗೆ ಬದನೆಕಾಯಿ ಸುಡೋಣವೇ ಎಂದು ಅವಳು ಕೇಳಿದಳು. ಮನೆಯಲ್ಲಿ ಬದನೆಕಾಯಿ ಇರಲಿಲ್ಲ. ಚೀಲ ಹಿಡಿದು ಕೆಳಗಿಳಿದೆವು.