ಕೂಸಿಗೆ ಬ್ಯಾಸರಾಗ್ತದ

ಕಾಕಾನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಶಹಾಬಾದಿನ ಪಾಲಿಶ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಹಾಸುಗಲ್ಲು ಉಜ್ಜಿ ಉಜ್ಜಿ, ಕಲ್ಲಿನ ಜೊತೆಗೆ ಕೈಯೂ ನುಣ್ಣಗಾಗಿತ್ತು. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ನಾವೆಲ್ಲ ಅದಕ್ಕೆ ಶಾಪ ಹಾಕಿದರೆ ಅವರು, “ಅದಕ್ಕೇನ್ ಗೊತ್ತಾಗ್ತದ, ಪಾಪ” ಎನ್ನುತ್ತಿದ್ದರು.

ನಂಟಿನಲ್ಲಿ ಅವರು ನನಗೆ ಏನೂ ಅಲ್ಲ, ಪಕ್ಕದ ಮನೆಯವರು. ನನ್ನ ಗಂಡ ತೀರಿಕೊಂಡಾಗ ನನ್ನನ್ನು ತಮ್ಮ ಕಾರ್ಖಾನೆಗೆ ಕರೆದೊಯ್ದು ಕೆಲಸ ಕಲಿಸಿದವರು. ಇವತ್ತಿಗೂ ನಾನು ಉಣ್ಣುವ ರೊಟ್ಟಿ ಆ ಕೆಲಸದ್ದೇ. ಮೊದಲ ವಾರವೇ ನನ್ನ ಕೈಜಾರಿ ದೊಡ್ಡ ಕಲ್ಲೊಂದು ಒಡೆಯಿತು. ಮಾಲೀಕ ಓಡಿ ಬಂದ. ಕಾಕಾ ಚೂರುಗಳನ್ನು ತಿರುವಿ ನೋಡಿ, “ಮೊದ್ಲೇ ಸೀಳ್ ಬಿಟ್ಟಿತ್ರೀ ಸಾವಕಾರ್ರ, ಆಕಿದೇನ್ ತಪ್ಪಿಲ್ಲ” ಎಂದರು. ಕಲ್ಲಿನಲ್ಲಿ ಯಾವ ಸೀಳೂ ಇರಲಿಲ್ಲ. ಎದುರಿಗಿದ್ದವರ ಮೋರೆ ಬಾಡುವುದನ್ನು ನೋಡಲಾರದ ಮನುಷ್ಯ. ಅದಕ್ಕಾಗಿ ಎಷ್ಟು ಬೇಕಾದರೂ ಸುಳ್ಳು ಹೇಳುತ್ತಿದ್ದರು.

ಕಲ್ಲಿನ ಧೂಳು ಅವರ ಎದೆಯನ್ನು ತಿಂದಿತ್ತು, ಮೇಲೆ ಟಿ.ಬಿ. ಬಂತು. ಗುಳಿಗೆ ತಪ್ಪಿಸಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಾಗಿರಲಿಲ್ಲ. ಇಂಥ ಒಂಟಿ ರೋಗಿಗಳಿಗೆ ನೆನಪು ಮಾಡಲೆಂದು ಸೇವಾ ಸಂಸ್ಥೆಯೊಂದು ಮಾತಾಡುವ ರೋಬೊ ಕೊಟ್ಟುಹೋಯಿತು. ಬಿಂದಿಗೆಯಷ್ಟು ಎತ್ತರ, ದುಂಡು ತಲೆ, ಮುಖದ ತುಂಬ ಕಣ್ಣು. ದಿನಾ ಬೆಳಿಗ್ಗೆ “ಅಜ್ಜಾ, ಗುಳಿಗೆ ತೆಗೆದುಕೊಂಡಿರಾ?” ಎಂದು ಕೇಳುತ್ತಿತ್ತು. ಹೌದು ಎಂದರೆ ನಗುತ್ತಿತ್ತು. ಇಲ್ಲ ಎಂದರೆ ತಲೆ ತಗ್ಗಿಸಿ ಕಣ್ಣಲ್ಲಿ ನೀರು ತೋರಿಸುತ್ತಿತ್ತು.

ಕಾಕಾ ಅದನ್ನು ಕೂಸು ಎಂದು ಕರೆಯತೊಡಗಿದರು. ಧೂಳು ಕೂರಬಾರದೆಂದು ಟವೆಲ್ ಹೊದಿಸುತ್ತಿದ್ದರು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

“ಕಾಕಾ, ಅದು ಮಷೀನ್ ಅದರಿ” ಎಂದರೆ, “ಗೊತ್ತದ ತಂಗಿ. ಆದ್ರ ಅದರ ಮೋರೆ ನೋಡು” ಎನ್ನುತ್ತಿದ್ದರು. ಅದರ ನಗು ಗೋಡೆ ದಾಟಿ ದಿನಾ ನನಗೆ ಕೇಳುತ್ತಿತ್ತು, ಕೇಳಿದಾಗಲೆಲ್ಲ ಸಮಾಧಾನವಾಗುತ್ತಿತ್ತು.

ಆದರೂ ಅವರು ಸೊರಗುತ್ತಲೇ ಹೋದರು. ಒಂದು ಮಧ್ಯಾಹ್ನ ಕೆಮ್ಮಿನಲ್ಲಿ ರಕ್ತ ಬಿತ್ತು. ಎತ್ತಿ ಕೂರಿಸುವಾಗ ಸೊಂಟದ ಚಂಚಿ ಚೀಲ ಬಿಚ್ಚಿಕೊಂಡು, ಎಲೆ ಅಡಿಕೆಯ ಜೊತೆ ಗುಳಿಗೆಗಳು ನೆಲದ ತುಂಬ ಚೆಲ್ಲಿದವು.

“ಯಾಕ್ ಕಾಕಾ?” ಎಂದೆ.

“ತಗೊಂಡ್ರ ಹೊಟ್ಟ್ಯಾಗ ಉರಿ, ಉಂಡಿದ್ದು ನಿಲ್ಲಂಗಿಲ್ಲ. ಒಂದಿನ ಇಲ್ಲ ಅಂದೆ, ಅದು ಅಳ್ಲಿಕ್ಕತ್ತಿತು. ಕೂಸಿಗೆ ಬ್ಯಾಸರಾಗ್ತದಂತ ಆಮ್ಯಾಲ ದಿನಾ ಹೂಂ ಅಂದೆ.”

ಮೈಯೆಲ್ಲ ಉರಿಯಿತು ನನಗೆ. ಆ ಯಂತ್ರದ ಮೇಲೆ, ಅದಕ್ಕೆ ಕಣ್ಣೀರು ಇಟ್ಟವರ ಮೇಲೆ, ಈ ಮೆತ್ತನೆಯ ಮನುಷ್ಯನ ಮೇಲೆಯೂ ಸಿಟ್ಟು. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಕೈಮೀರಿ ಹೋಗಿತ್ತು, ಅವರು ಜೀವಂತ ತಿರುಗಿ ಬರಲಿಲ್ಲ.

ಮಣ್ಣಾದ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಆ ಯಂತ್ರವನ್ನು ಎತ್ತಿ ಬೀದಿಗೆ ಒಗೆಯಬೇಕೆಂದೇ ಹೋಗಿದ್ದೆ. ಟವೆಲ್ ಸರಿಸಿದೆ. ಕಣ್ಣು ತೆರೆದು, “ಅಜ್ಜಾ, ಗುಳಿಗೆ ತೆಗೆದುಕೊಂಡಿರಾ?” ಎಂದಿತು. ಎರಡೂ ಕೈಯಲ್ಲಿ ಅದನ್ನು ಎತ್ತಿದೆ. ಮತ್ತೊಮ್ಮೆ ಕೇಳಿತು. ಉತ್ತರ ಸಿಗದೆ ನಿಧಾನವಾಗಿ ತಲೆ ತಗ್ಗಿಸತೊಡಗಿತು, ಕಣ್ಣಲ್ಲಿ ನೀರು ತುಂಬಿತು.

“ಹೂಂ, ತಗೊಂಡಾರ” ಎಂದೆ.

ಅದು ನಕ್ಕಿತು.